ಗಾಳಿಮಳೆಗೆ ಮೊದಲು ಅಂಗನವಾಡಿಯಲ್ಲಿ



ಪ್ರಕೃತಿ ವಿಕೋಪ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾವ ಚಿತ್ರಗಳು ಬರುತ್ತವೆ? ಉರುಳಿದ ಮನೆ, ಮುಳುಗಿದ ಸೇತುವೆ, ಹೆಲಿಕಾಪ್ಟರಿನಿಂದ ಬೀಳುವ ಆಹಾರದ ಪೊಟ್ಟಣ. ಈ ಚಿತ್ರಗಳಲ್ಲಿ ಹೆಚ್ಚಿನವನ್ನು ನಿಮಗೆ ತೋರಿಸಿದವರು ನಾವೇ, ದೂರದರ್ಶನದವರು. ವಿಕೋಪಕ್ಕೆ ಮೊದಲು ನಡೆಯಬೇಕಾದ ಸಿದ್ಧತೆಯನ್ನು ತೋರಿಸುವುದು ಮಾತ್ರ ನಮಗೆ ಕಷ್ಟ. ಒಬ್ಬ ಟೀಚರು ಬೇಸಿಗೆಯ ಬೆಳಿಗ್ಗೆ ತೆಂಗಿನ ಮರದ ನೆರಳನ್ನು ಅಳೆಯುತ್ತಿದ್ದರೆ ಕ್ಯಾಮೆರಾಕ್ಕೆ ಅದರಲ್ಲಿ ಏನಿದೆ? ಆಗದೇ ಹೋದ ಅನಾಹುತದ ಚಿತ್ರ ತೆಗೆಯುವುದು ಹೇಗೆ? ಪರದೆಯ ಮೇಲೆ ಕಾಣದ ಆ ಭಾಗವನ್ನು ಈ ಪುಟಗಳಲ್ಲಿ ಬಿಡಿಸಿ ನೋಡೋಣ.

ನಮ್ಮ ಮುಂದಿರುವ ಪ್ರಶ್ನೆ ಇದು: ಮೂರರಿಂದ ಆರು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯರನ್ನು ಪ್ರಕೃತಿ ವಿಕೋಪಕ್ಕೆ ಅಣಿಗೊಳಿಸುವುದು ಹೇಗೆ? ಉದಾಹರಣೆಗೆ ಹುಳಿಯಾರನ್ನೇ ತೆಗೆದುಕೊಳ್ಳೋಣ.

ಹುಳಿಯಾರಿಗೆ ಯಾವ ವಿಕೋಪ?

ಹುಳಿಯಾರು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ತಿಪಟೂರು, ತುರುವೇಕೆರೆ ಸೀಮೆಯಂತೆ ಇಲ್ಲಿಯೂ ತೆಂಗು, ಕೊಬ್ಬರಿಗಳೇ ಬದುಕಿಗೆ ಆಧಾರ. ಸಮುದ್ರ ದೂರ. ಬೆಟ್ಟ ಕುಸಿಯಲು ಇದು ಮಲೆನಾಡಲ್ಲ. ಭೂಕಂಪದ ಭಯವೂ ಕಡಿಮೆ. ಹೀಗಿರುವಾಗ "ನಮ್ಮೂರಿಗೆ ಇದೆಲ್ಲ ಏಕೆ?" ಎಂದು ನೀವು ಕೇಳಬಹುದು.

ಪಂಚಾಂಗದ ಮಳೆ ನಕ್ಷತ್ರಗಳನ್ನು ನೆನಪಿಸಿಕೊಳ್ಳಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗಿನ ಮಳೆಗಳಿವು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಅದಕ್ಕಾಗಿ ಕಾಯುತ್ತಾರೆ. ಆದರೆ ಈ ಮಳೆಗಳು ಬಿರುಗಾಳಿ, ಆಲಿಕಲ್ಲು, ಸಿಡಿಲುಗಳನ್ನೂ ಜೊತೆಗೆ ತರುತ್ತವೆ. ಇದಕ್ಕೆ ಕಾರಣ ಸರಳ. ಬೇಸಿಗೆಯ ಬಿಸಿಲಿಗೆ ನೆಲ ಕಾದು, ಅದರ ಮೇಲಿನ ತೇವದ ಗಾಳಿ ವೇಗವಾಗಿ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಹತ್ತು ಕಿಲೋಮೀಟರಿಗೂ ಎತ್ತರದ ಕಾರ್ಮೋಡವಾಗಿ ನಿಲ್ಲುತ್ತದೆ. ಮಳೆ ಸುರಿಯತೊಡಗಿದಾಗ ಮೋಡದೊಳಗಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಕ್ಕೆ ಧುಮುಕಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಐದು ನಿಮಿಷ ಮೊದಲು ಬೀಸುವ ತಣ್ಣನೆಯ ಗಾಳಿ ಇದೇ. ತೆಂಗಿನ ಮರಗಳನ್ನು ಉರುಳಿಸುವುದೂ, ಶೀಟುಗಳನ್ನು ಹಾರಿಸುವುದೂ ಇದೇ ಗಾಳಿ.

ಇನ್ನು ಕೆರೆಗಳು. ಹುಳಿಯಾರಿನ ಸುತ್ತ ಕೆರೆಗಳಿವೆ. ಸುವರ್ಣಮುಖಿಗೆ ಅಡ್ಡಲಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯವೂ ಹತ್ತಿರದಲ್ಲಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆ ಒಂದು ವರ್ಷ ಕೋಡಿ ಬೀಳುತ್ತದೆ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಹೀಗೆ ತುಂಬಿ ಹರಿದವು. ಕೆರೆ ತುಂಬಿದ್ದನ್ನೇ ಕಾಣದ ಐದು ವರ್ಷದ ಮಗುವಿಗೆ ಕೋಡಿಯ ನೀರು ಎಂದರೆ ಬರೀ ಹಬ್ಬ, ಅಪಾಯದ ಅರಿವೇ ಇಲ್ಲ. ಒಣನಾಡಿನಲ್ಲಿ ನೀರಿನ ಅಪಾಯ ಹೆಚ್ಚಲು ಇದೂ ಒಂದು ಕಾರಣ.

ಪುಟ್ಟ ಮಗು ಎಂದರೆ ಸಣ್ಣ ಆಕಾರದ ದೊಡ್ಡವರಲ್ಲ

ನೀವು ಓದುವ ಶಾಲೆಯಲ್ಲಿ ಗಂಟೆ ಹೊಡೆದರೆ ಸಾಲಾಗಿ ಮೈದಾನಕ್ಕೆ ಹೋಗುವ ಅಭ್ಯಾಸ ಮಾಡಿಸಬಹುದು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತೆಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ಆದರೆ ಮೂರು ವರ್ಷದ ಮಗುವಿಗೆ "ಸಾಲಾಗಿ ಹೊರಡಿ" ಎಂದರೆ ಏನಾಗುತ್ತದೆ? ಒಬ್ಬ ಅಳುತ್ತಾನೆ, ಒಬ್ಬಳು ಚಪ್ಪಲಿ ಹುಡುಕುತ್ತಾಳೆ, ಇನ್ನೊಬ್ಬ ನಿದ್ದೆಗಣ್ಣಿನಲ್ಲಿ ಕುಳಿತೇ ಇರುತ್ತಾನೆ.

ಶರೀರದ ಲೆಕ್ಕವೂ ಬೇರೆ. ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ಆದ್ದರಿಂದ ತೊಟ್ಟಿಯೊಳಗೆ ಬಗ್ಗಿ ನೋಡುವ ಮಗು ಮುಗ್ಗರಿಸಿ ಬೀಳುತ್ತದೆ. ಒಂದು ಗೇಣು ನೀರೂ ಅದಕ್ಕೆ ಸಾಕು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚಾದ್ದರಿಂದ ಮಳೆಯಲ್ಲಿ ನೆನೆದ ಮಗು ಬೇಗ ತಣ್ಣಗಾಗುತ್ತದೆ, ಬಿಸಿಲಿನಲ್ಲಿ ಬೇಗ ಬಳಲುತ್ತದೆ. ಭಯವಾದಾಗ ಎಷ್ಟೋ ಮಕ್ಕಳು ಹೊರಗೆ ಓಡುವುದಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ ಅವಿತು ಸುಮ್ಮನಾಗಿಬಿಡುತ್ತವೆ. ಕೂಗಿದರೂ ಓಗೊಡುವುದಿಲ್ಲ. ಆದ್ದರಿಂದ ಶಿಕ್ಷಕಿ ಹೊರಗೆ ಬಂದ ಮಕ್ಕಳನ್ನು ಎಣಿಸಿದರೆ ಸಾಲದು. ಅಂದು ಬೆಳಿಗ್ಗೆ ಬಂದವರೆಷ್ಟು ಎಂಬ ಸಂಖ್ಯೆ ಅವರ ಬಾಯಲ್ಲೇ ಇರಬೇಕು.

ಇಷ್ಟು ಮಕ್ಕಳಿಗೆ ಅಂಗನವಾಡಿಯಲ್ಲಿ ಇರುವವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಒಟ್ಟು ನಾಲ್ಕು ಕೈಗಳು. ಇಪ್ಪತ್ತು ಮಕ್ಕಳಿದ್ದರೆ ನಲವತ್ತು ಪುಟ್ಟ ಕೈಗಳು. ಸಿದ್ಧತೆಯ ಲೆಕ್ಕ ಇಲ್ಲಿಂದ ಆರಂಭವಾಗಬೇಕು.

ಸಿಡಿಲು: ಕಿವಿಗೆ ಬಿದ್ದರೆ ಒಳಗೆ

ಭಾರತದಲ್ಲಿ ಸಿಡಿಲು ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತದೆ. ಮಿಂಚು ಹರಿಯುವ ದಾರಿಯಲ್ಲಿ ಗಾಳಿಯ ಉಷ್ಣತೆ ಸೂರ್ಯನ ಮೇಲ್ಮೈಯ ಉಷ್ಣತೆಗಿಂತ ಸುಮಾರು ಐದು ಪಟ್ಟು ಏರುತ್ತದೆ. ಎತ್ತರವಾದದ್ದಕ್ಕೆ ಸಿಡಿಲು ಹೊಡೆಯುವ ಸಂಭವ ಹೆಚ್ಚು. ತೋಟದ ಸೀಮೆಯಲ್ಲಿ ಎತ್ತರವಾದದ್ದು ಯಾವುದು ಎಂದು ನಿಮಗೆ ಹೇಳಬೇಕಾಗಿಲ್ಲ. ಮರಕ್ಕೆ ಬಡಿದ ಸಿಡಿಲು ಮರದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರಬಹುದು. ಬುಡದ ಸುತ್ತ ನೆಲದಲ್ಲಿ ಹರಡಿ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯಬಹುದು. ಮರದಡಿ ಕಟ್ಟಿದ ದನಗಳು ಒಟ್ಟಿಗೇ ಸಾಯುವುದು ಹೀಗೆಯೇ.

ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಮೂವತ್ತರವರೆಗೆ ಎಣಿಸಲಾರದ ಮಕ್ಕಳಿಗೆ ಇನ್ನೂ ಸುಲಭದ ನಿಯಮ ಸಾಕು: ಗುಡುಗು ಕಿವಿಗೆ ಬಿದ್ದರೆ ಒಳಗೆ. ಒಳಗೆ ಎಂದರೆ ಪಕ್ಕಾ ಕಟ್ಟಡದ ನಡುಕೋಣೆ. ಜಗಲಿ, ಸೋಗೆಯ ಚಪ್ಪರ, ತೋಟದ ಪಂಪ್‌ಸೆಟ್ ಮನೆ ಇದಕ್ಕೆ ಒದಗುವುದಿಲ್ಲ. ಕಿಟಕಿಯ ಸರಳು, ನಲ್ಲಿ, ವಿದ್ಯುತ್ ಸಾಧನಗಳನ್ನು ಮುಟ್ಟಬಾರದು.

ಇನ್ನೊಂದು ವಿಷಯವನ್ನು ಪ್ರತಿ ಶಿಕ್ಷಕಿಯೂ ತಿಳಿದಿರಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ಅಥವಾ ಹೃದಯ ನಿಂತಿದ್ದರೆ ಕೂಡಲೇ ಎದೆ ಒತ್ತಿ, ಉಸಿರು ಕೊಟ್ಟು, 108ಕ್ಕೆ ಕರೆ ಮಾಡಿದರೆ ಜೀವ ಉಳಿಯುವ ಸಾಧ್ಯತೆ ಇದೆ. ಇದನ್ನು ಕೈಯಿಂದ ಮಾಡಿಯೇ ಕಲಿಯಬೇಕು. ಪುಟ್ಟ ಮಗುವಿಗೂ ದೊಡ್ಡವರಿಗೂ ಒತ್ತುವ ಕ್ರಮ ಬೇರೆ ಎಂಬುದನ್ನು ತರಬೇತಿಯಲ್ಲಿ ಗೊಂಬೆಯ ಮೇಲೆ ತೋರಿಸಬೇಕು.

ಮರದ ಎತ್ತರ, ಕಟ್ಟಡದ ದೂರ

ಈಗ ನಿಮ್ಮ ಗಣಿತಕ್ಕೆ ಒಂದು ಕೆಲಸ. ಅಂಗನವಾಡಿಯ ಪಕ್ಕದ ತೆಂಗಿನ ಮರ ಬಿದ್ದರೆ ಕಟ್ಟಡಕ್ಕೆ ತಾಗುತ್ತದೆಯೇ? ಮರ ಹತ್ತಬೇಕಾಗಿಲ್ಲ. ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆಯಿರಿ. ಅದೇ ಹೊತ್ತಿನಲ್ಲಿ ಮರದ ಬುಡದಿಂದ ಸುಳಿಯ ತುದಿಯವರೆಗಿನ ನೆರಳನ್ನು ಅಳೆಯಿರಿ. ಕೋಲಿನ ನೆರಳು ಅರ್ಧ ಮೀಟರ್, ಮರದ ನೆರಳು 9 ಮೀಟರ್ ಇದ್ದರೆ ಮರದ ಎತ್ತರ 18 ಮೀಟರ್. ಕಟ್ಟಡ 12 ಮೀಟರ್ ದೂರದಲ್ಲಿದ್ದರೆ ಮರದ ತಲೆ ಛಾವಣಿಯ ಮೇಲೆ!

ಹಾಗೆಂದು ಮರ ಕಡಿಯಿರಿ ಎನ್ನುವುದು ನ್ಯಾಯವಲ್ಲ. ಫಲ ಬಿಡುವ ಒಂದು ಮರ ಒಂದು ಸಂಸಾರದ ವರಮಾನ. ಆದರೆ ಛಾವಣಿಯ ಮೇಲೆ ಬಾಗಿದ ಮರದ ಗೊನೆ, ಒಣಗರಿಗಳನ್ನು ಅಶ್ವಿನಿ ಮಳೆಗೆ ಮೊದಲೇ ಇಳಿಸಬಹುದು. ಸುಳಿ ಸತ್ತು ಬೋಳಾಗಿ ನಿಂತ ಮರವನ್ನು ತೆಗೆಯಬಹುದು. ಗಾಳಿಯ ದಿನಗಳಲ್ಲಿ ಮಕ್ಕಳನ್ನು ಮರದ ಕಡೆಯ ಕೋಣೆ ಬಿಟ್ಟು ಇನ್ನೊಂದು ಬದಿಯಲ್ಲಿ ಕೂರಿಸಬಹುದು.

ಇಲ್ಲಿ ನಿಜವಾದ ತೊಡಕು ವಿಜ್ಞಾನದ್ದಲ್ಲ. ಮರ ಊರಿನ ಹಿರಿಯರೊಬ್ಬರದು. ಅಂಗನವಾಡಿ ಕಾರ್ಯಕರ್ತೆ ಅದೇ ಊರಿನ ಸೊಸೆ, ಗೌರವಧನಕ್ಕೆ ದುಡಿಯುವವರು. "ಯಜಮಾನರೇ, ನಿಮ್ಮ ಮರದ ಗೊನೆ ಇಳಿಸಿಕೊಡಿ" ಎಂದು ಅವರೊಬ್ಬರೇ ಹೋಗಿ ಕೇಳಲು ಎಷ್ಟು ಹಿಂಜರಿಕೆ ಇರುತ್ತದೆ ಎಂದು ಯೋಚಿಸಿ. ಈ ಮಾತನ್ನು ಆಡಬೇಕಾದವರು ಬಾಲವಿಕಾಸ ಸಮಿತಿಯವರು, ಗ್ರಾಮ ಪಂಚಾಯಿತಿಯವರು. ಶಿಕ್ಷಕಿಯನ್ನು ಅಣಿಗೊಳಿಸುವುದು ಎಂದರೆ ಅವರ ಹಿಂದೆ ಊರು ನಿಲ್ಲುವುದೂ ಸೇರಿದೆ.

ತೆಂಗಿನ ಸೀಮೆಗೆ ಇನ್ನೊಂದು ಎಚ್ಚರಿಕೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಮನೆಯ ಬೆಂಕಿ ಸೋಗೆಯ ಛಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದು ಪ್ರಕೃತಿ ವಿಕೋಪವಲ್ಲ ನಿಜ. ಆದರೆ ಬೇಸಿಗೆಯ ನೆರಳಿಗೆಂದು ಹಾಕಿದ ಒಣಸೋಗೆಯ ಚಪ್ಪರ, ಅದರ ಪಕ್ಕದಲ್ಲೇ ಒಲೆ, ಮೇಲೆ ಬಿರುಗಾಳಿ ಸೇರಿದರೆ ಏನಾದೀತು ಎಂಬುದಕ್ಕೆ ಅದು ಸಾಕ್ಷಿ. ಅಡುಗೆಯ ಕಡೆ ಚಪ್ಪರ ಬೇಡ. ಮಕ್ಕಳು ಹೊರಡುವ ಬಾಗಿಲು ಒಲೆಯ ಪಕ್ಕ ಇರಬಾರದು.

ಎಲ್ಲಿಗೆ ಹೋಗುವುದು? ಇಂದೇ ತೀರ್ಮಾನಿಸಿ

ಅಪಾಯ ಬಂದಾಗ ತೀರ್ಮಾನ ಮಾಡುತ್ತೇವೆ ಎನ್ನುವವರು ಜಪಾನಿನ ಎರಡು ಊರುಗಳ ಕಥೆ ಕೇಳಬೇಕು. ಎರಡೂ 2011ರ ಮಾರ್ಚ್ 11ರ ಮಹಾ ಭೂಕಂಪ ಮತ್ತು ಸುನಾಮಿಯ ದಿನದ್ದು.

ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆ ಸಮುದ್ರದಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗಿತ್ತು. ಹಿಂದೆಯೇ ಗುಡ್ಡವಿತ್ತು. ಭೂಕಂಪವಾದ ಮೇಲೆ ಸುಮಾರು 50 ನಿಮಿಷ ಸಮಯವೂ ಇತ್ತು. ಆದರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ನಿಗದಿಯಾಗಿರಲಿಲ್ಲ. ಮಕ್ಕಳು ಆಟದ ಬಯಲಿನಲ್ಲಿ ಕಾದರು. ಹೊರಡುವ ಹೊತ್ತಿಗೆ ತಡವಾಗಿತ್ತು. 74 ಮಕ್ಕಳು, 10 ಮಂದಿ ಶಿಕ್ಷಕರು ಇಲ್ಲವಾದರು. ಮಕ್ಕಳ ತಂದೆತಾಯಿಯರು ಹೂಡಿದ ಮೊಕದ್ದಮೆಯಲ್ಲಿ ಮುಂಚಿನ ಸಿದ್ಧತೆಯ ಕೊರತೆಗೆ ಆಡಳಿತವೇ ಹೊಣೆ ಎಂಬ ತೀರ್ಪು ಬಂದು, 2019ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಅದು ಸ್ಥಿರವಾಯಿತು. ಆ ಶಿಕ್ಷಕರು ಮಕ್ಕಳನ್ನು ಪ್ರೀತಿಸದವರೇನೂ ಅಲ್ಲ. ಮಕ್ಕಳ ಜೊತೆಯಲ್ಲೇ ಪ್ರಾಣ ಬಿಟ್ಟವರು. ಅವರಿಗೆ ಇಲ್ಲದೇ ಹೋದದ್ದು ಮೊದಲೇ ಮಾಡಿಟ್ಟ ತೀರ್ಮಾನ.

ಅದೇ ದಿನ ಕಮೈಶಿ ನಗರದಲ್ಲಿ ವರ್ಷಗಳಿಂದ ಅಭ್ಯಾಸ ಮಾಡಿದ್ದ ಪ್ರೌಢಶಾಲೆಯ ಹುಡುಗ ಹುಡುಗಿಯರು ಆಜ್ಞೆಗೆ ಕಾಯದೆ ಎತ್ತರದ ಕಡೆ ಓಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಶಿಶುವಿಹಾರದ ಪುಟಾಣಿಗಳನ್ನು ಕೂರಿಸಿದ್ದ ಗಾಡಿಗಳನ್ನು ತಳ್ಳಲು ನೆರವಾದರು. ಮೊದಲು ಸೇರಿದ ಜಾಗ ಸಾಲದೆನಿಸಿದಾಗ ಇನ್ನೂ ಮೇಲೆ ಹೋದರು. ಆ ನಗರದ ಸುಮಾರು 3,000 ಶಾಲಾ ಮಕ್ಕಳಲ್ಲಿ ಹೆಚ್ಚು ಕಡಿಮೆ ಎಲ್ಲರೂ ಉಳಿದರು.

ಹುಳಿಯಾರಿಗೆ ಸುನಾಮಿ ಬರುವುದಿಲ್ಲ. ಆದರೆ ಪ್ರಶ್ನೆ ಅದೇ. ಛಾವಣಿ ಹಾರಿದರೆ ಮಕ್ಕಳು ಹೋಗುವುದು ಸರ್ಕಾರಿ ಶಾಲೆಗೋ, ಸಮುದಾಯ ಭವನಕ್ಕೋ? ಅದರ ಬೀಗದ ಕೈ ಯಾರ ಬಳಿ? ಕೋಡಿಯ ನೀರು ರಸ್ತೆಗೆ ಬಂದರೆ ಬೇರೆ ದಾರಿ ಯಾವುದು? ದಾರಿಯಲ್ಲಿ ಕೃಷಿ ಹೊಂಡ ಇದೆಯೇ? ಪ್ಲಾಸ್ಟಿಕ್ ಹಾಸಿದ ಹೊಂಡದ ಗೋಡೆ ಜಾರುತ್ತದೆ, ಒಳಗೆ ಬಿದ್ದ ಮಗು ಮೇಲೇರಲಾರದು. ಮಗುವನ್ನು ಯಾರ ಕೈಗೆ ಒಪ್ಪಿಸಬೇಕು? ಗಾಬರಿಯಲ್ಲಿ ಬಂದ ನೆರೆಯವರ ಕೈಗೆ ಮಗುವನ್ನು ಕೊಟ್ಟು, ಆಮೇಲೆ ತಾಯಿ ಬಂದು ಹುಡುಕುವಂತಾಗಬಾರದು. ಫೋನ್ ಸಂಖ್ಯೆಗಳು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಇರಬೇಕು. ತುರ್ತು ಸಂಖ್ಯೆ 112, ಜಿಲ್ಲೆಯ ವಿಪತ್ತು ಸಹಾಯವಾಣಿ 1077 ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇರಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಶಿಕ್ಷಕಿಯೂ ಒಬ್ಬ ತಾಯಿ. ಬಿರುಗಾಳಿ ಎದ್ದಾಗ ಅವರ ಮನಸ್ಸು ಬೇರೆಲ್ಲೋ ಇರುವ ತಮ್ಮ ಮಗುವಿನ ಕಡೆ ಓಡುವುದು ಸಹಜ. ಆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಮೊದಲೇ ಗೊತ್ತಾಗಿದ್ದರೆ ಮಾತ್ರ ಅವರು ಇಪ್ಪತ್ತು ಮಕ್ಕಳ ಬಳಿ ನೆಮ್ಮದಿಯಿಂದ ನಿಲ್ಲಬಲ್ಲರು.

ಪಾಠವಲ್ಲ, ಆಟ

ಮಕ್ಕಳಿಗೆ ಇದನ್ನೆಲ್ಲ ಕಲಿಸುವುದು ಹೇಗೆ? ಇಂಡೋನೇಷ್ಯಾದ ಸಿಮೆಲೂ ದ್ವೀಪದಲ್ಲಿ 1907ರ ಸುನಾಮಿಯ ನೆನಪನ್ನು ಅಜ್ಜಿಯರು ಕಥೆಯಲ್ಲಿ, ಜೋಗುಳದಲ್ಲಿ ಉಳಿಸಿದ್ದರು: ನೆಲ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ ಮಾತ್ರ. ಸುತ್ತಲ ತೀರಗಳಲ್ಲಿ ಸತ್ತವರು ಲಕ್ಷಕ್ಕೂ ಹೆಚ್ಚು.

ನಮ್ಮಲ್ಲೂ ಆಟಗಳಿಗೆ ಬರವಿಲ್ಲ. ಕೆರೆ-ದಡ ಆಟ ಯಾರಿಗೆ ಗೊತ್ತಿಲ್ಲ? "ಕೆರೆ" ಎಂದರೆ ಒಳಗೆ, "ದಡ" ಎಂದರೆ ಹೊರಗೆ ಹಾರಬೇಕು. ಮಾತು ಕಿವಿಗೆ ಬಿದ್ದ ಕ್ಷಣ ಕಾಲು ಚಲಿಸಬೇಕು. ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದು? ಅದೇ ಆಟಕ್ಕೆ "ಗುಡುಗು" ಎಂಬ ಮೂರನೆಯ ಮಾತು ಸೇರಿಸಿ. ಗುಡುಗು ಎಂದೊಡನೆ ಎಲ್ಲರೂ ನಡುಕೋಣೆಯ ಚಾಪೆಯ ಮೇಲೆ. ಹೊರಗೆ ಕರೆದೊಯ್ಯಲು ರೈಲಾಟವಿದೆ. ಉದ್ದದ ಹಗ್ಗಕ್ಕೆ ಮೊಳಕ್ಕೊಂದು ಗಂಟು, ಗಂಟಿಗೊಂದು ಮಗು, ಮುಂದೆ ಟೀಚರು, ಹಿಂದೆ ಸಹಾಯಕಿ. ತೆಂಗಿನ ನಾರಿನ ಹಗ್ಗ ಊರಿನಲ್ಲೇ ಸಿಗುತ್ತದೆ. ಅಂಗೈ ಉಜ್ಜದಂತೆ ಗಂಟುಗಳಿಗೆ ಹಳೆಯ ಬಟ್ಟೆ ಸುತ್ತಬೇಕು, ಅಷ್ಟೆ. ಹೆದರಿಸದೆ, ನಗುತ್ತಾ, ತಿಂಗಳಿಗೊಮ್ಮೆ ಹದಿನೈದು ನಿಮಿಷ ಆಡಿದರೆ ಸಾಕು. ನಿಜವಾದ ಗುಡುಗು ಬಂದ ದಿನ ಮಕ್ಕಳಿಗೆ ಅದು ಗೊತ್ತಿರುವ ಆಟವಾಗಿರುತ್ತದೆ.

ಶಿಕ್ಷಕಿಗೆ ಕಲಿಸುವವರು ಯಾರು?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳು ಯೋಜನೆಯ ಆಧಾರ. ವಿಕೋಪದ ಸಿದ್ಧತೆ ಈ ಆರರಲ್ಲಿ ಇಲ್ಲ. ಇವುಗಳ ಮೇಲೆ ಸಮೀಕ್ಷೆ, ದಾಖಲೆ, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ ಬೇರೆ. ಏಳನೆಯ ಹೊರೆಯಾಗಿ ಇದನ್ನು ಹೊರಿಸಿದರೆ ಅದು ಇನ್ನೊಂದು ರಿಜಿಸ್ಟರ್ ಆಗಿ ಉಳಿಯುತ್ತದೆ.

ಬೇಕಾದದ್ದು ದೊಡ್ಡ ಊರಿನ ಸಭಾಂಗಣದಲ್ಲಿ ಒಂದು ದಿನದ ಭಾಷಣವಲ್ಲ. ಮೇಲ್ವಿಚಾರಕಿಯರು ನಡೆಸುವ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟು, ಒಂದೊಂದು ಸಲ ಒಂದೊಂದನ್ನೇ ಕೈಯಾರೆ ಮಾಡಿಸಬೇಕು. ಒಮ್ಮೆ ಪ್ರಥಮ ಚಿಕಿತ್ಸೆ, ಒಮ್ಮೆ ಗ್ಯಾಸ್ ಮತ್ತು ಬೆಂಕಿ, ಒಮ್ಮೆ ಹಗ್ಗದ ರೈಲು. ಎಚ್ಚರಿಕೆಯ ಮಾಹಿತಿಗೂ ಕೊರತೆಯಿಲ್ಲ. 1988ರಲ್ಲಿ ಬರದ ಉಸ್ತುವಾರಿಗೆಂದು ಆರಂಭವಾಗಿ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಸಿಡಿಲಿನ ಮುನ್ಸೂಚನೆಗೆ "ಸಿಡಿಲು" ಎಂಬ ಮೊಬೈಲ್ ಆಪ್ ರೂಪಿಸಿದೆ. ಆ ಸೂಚನೆ ಅಂಗನವಾಡಿಯ ಬಾಗಿಲಿಗೆ ಮುಟ್ಟುವಂತೆ ನೋಡಿಕೊಳ್ಳಬೇಕು.

ಸದ್ದಿಲ್ಲದ ವಿಕೋಪ, ಮತ್ತು ಆಮೇಲಿನ ದಿನಗಳು

ಬರ ಸದ್ದು ಮಾಡದೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೊಳವೆ ಬಾವಿ ಬತ್ತಿ ತೆಂಗು ಸೊರಗಿದಾಗ ಮನೆಯ ಊಟವೂ ಸೊರಗುತ್ತದೆ. ಅದು ಮೊದಲು ಕಾಣುವ ಜಾಗ ಅಂಗನವಾಡಿಯ ತೂಕದ ಯಂತ್ರ. ಹಲವು ಮಕ್ಕಳ ತೂಕ ಒಟ್ಟಿಗೇ ನಿಂತಿತೆಂದರೆ ಅದು ಒಂದು ಮನೆಯ ವಿಷಯವಲ್ಲ, ಊರಿನ ವಿಷಯ. ಅದನ್ನು ಓದಬಲ್ಲ ಶಿಕ್ಷಕಿ ಬರದ ಎಚ್ಚರಿಕೆಯನ್ನು ಎಲ್ಲರಿಗಿಂತ ಮೊದಲು ಕೊಡಬಲ್ಲರು.

ವಿಕೋಪ ಕಳೆದ ಮೇಲೂ ಕೆಲಸ ಮುಗಿಯುವುದಿಲ್ಲ. ಹೆದರಿದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ತಾಯಿಯ ಸೆರಗು ಬಿಡದಿರಬಹುದು, ಬಿದ್ದ ಮರದ ಆಟವನ್ನೇ ದಿನವೂ ಆಡಬಹುದು. ಬೈಯಬಾರದು. ಅದು ಮಗು ತನ್ನ ಭಯವನ್ನು ಅರಗಿಸಿಕೊಳ್ಳುವ ಬಗೆ. ಅದೇ ಟೀಚರು, ಅದೇ ಹಾಡು, ಅದೇ ಹೊತ್ತಿಗೆ ಊಟ ಆದಷ್ಟು ಬೇಗ ಮತ್ತೆ ಸಿಗುವಂತೆ ಮಾಡುವುದೇ ಅದಕ್ಕೆ ಒಳ್ಳೆಯ ಔಷಧ.

ನೀವೇನು ಮಾಡಬಹುದು?

ಕಮೈಶಿಯಲ್ಲಿ ಚಿಕ್ಕವರ ಕೈ ಹಿಡಿದವರು ನಿಮ್ಮ ವಯಸ್ಸಿನವರು ಎಂಬುದನ್ನು ಗಮನಿಸಿ. ನಿಮ್ಮ ಊರಿನ ಅಂಗನವಾಡಿಯಲ್ಲಿ ನಿಮ್ಮ ತಮ್ಮನೋ, ತಂಗಿಯೋ, ಅಕ್ಕನ ಮಗುವೋ ಇರಬಹುದು. ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಒಂದು ಶನಿವಾರ ಅಲ್ಲಿಗೆ ಹೋಗಿ. ಮರಗಳ ನೆರಳು ಅಳೆದು, ಕಟ್ಟಡ, ಮರ, ವಿದ್ಯುತ್ ತಂತಿ, ಹೊಂಡ, ಕೋಡಿಯ ನೀರಿನ ದಾರಿಗಳನ್ನು ಗುರುತಿಸಿ ಒಂದು ನಕ್ಷೆ ಬರೆಯಿರಿ. ಒಂದು ಪ್ರತಿ ಟೀಚರಿಗೆ, ಒಂದು ಪಂಚಾಯಿತಿಗೆ ಕೊಡಿ. ಹಗ್ಗಕ್ಕೆ ಗಂಟು ಹಾಕಿಕೊಡಿ. ಅಂಗನವಾಡಿಯ ಹತ್ತಿರ ಮನೆ ಇರುವ ನಿಮ್ಮಲ್ಲಿ ನಾಲ್ವರು, ಗಾಳಿ ಎದ್ದಾಗ ಮನೆಯಲ್ಲಿದ್ದರೆ ಮೊದಲು ಎಲ್ಲಿಗೆ ಬರುತ್ತೀರಿ ಎಂದು ಟೀಚರಿಗೆ ಹೇಳಿಡಿ. ಸಿಡಿಲು ಹೊಡೆಯುತ್ತಿರುವಾಗ ನೀವೂ ಬಯಲಿಗೆ ಇಳಿಯಬಾರದು, ಅದು ಕಳೆದ ಕೂಡಲೇ ಹೋಗಬೇಕು.

ಈ ಕೆಲಸಕ್ಕೆ ಬೇಕಾದದ್ದು ಒಂದು ಕೋಲು, ಒಂದು ಅಳತೆ ಪಟ್ಟಿ, ಒಂದು ಹಾಳೆ, ಒಂದು ಬೆಳಿಗ್ಗೆ. ಅಶ್ವಿನಿ ಮಳೆ ಹುಟ್ಟುವ ಮೊದಲು ಮುಗಿಸಿ.